ತಲೆಯಲ್ಲಿ ತಂದ ನಲವತ್ತು ಪ್ರಶ್ನೆ

ನಮ್ಮ ಸೋದರತ್ತೆ ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವಳಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಂತು ಕಾಗದ ವಿಂಗಡಿಸಿದವಳು. ನಿವೃತ್ತಿಯಾದ ಮೊದಲ ವಾರ ಕೈ ಸುಮ್ಮನಿರಲಾರದೆ ಮನೆಯ ಚಮಚಗಳನ್ನೆಲ್ಲ ಉದ್ದದ ಪ್ರಕಾರ ವಿಂಗಡಿಸಿದಳು. ಅದು ಮುಗಿದ ಮೇಲೆ ಪಕ್ಕದ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡಲು ಕೂತಳು. ಆ ಹುಡುಗ ಕೆರೆಯಾಚೆಯ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟ. ಅರವತ್ತು ಸೀಟಿಗೆ ಎರಡು ಸಾವಿರ ಮಕ್ಕಳು ಬರೆಯುವ ಪರೀಕ್ಷೆ ಅದು. ಮುಂದಿನ ಶನಿವಾರ ನೋಡಿದರೆ ಅತ್ತೆಯ ಬಾಗಿಲಲ್ಲಿ ನಾಲ್ಕು ಜೊತೆ ಪುಟ್ಟ ಚಪ್ಪಲಿಗಳಿದ್ದವು.

ತುರುಬಿನಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬೀದಿಯವರು ಅವಳನ್ನು ಪೆನ್ಸಿಲಮ್ಮ ಎಂದರು. ಅದೇ ಪೆನ್ಸಿಲನ್ನು ಹುಡುಕುತ್ತ ಅವಳು ಮನೆಯೆಲ್ಲ ಅಲೆಯುವಾಗ ಮಕ್ಕಳು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಹೊತ್ತು ಪಾಠ ತಪ್ಪುತ್ತಿತ್ತಲ್ಲ.

ಅಂಚೆ ಕಚೇರಿಯವರು ಹಳೆಯ ಪೀಠೋಪಕರಣ ಹರಾಜು ಹಾಕಿದಾಗ, ತಾನು ಅಷ್ಟು ವರ್ಷ ಎದುರು ನಿಂತಿದ್ದ ನಲವತ್ತೆಂಟು ಖಾನೆಗಳ ಮರದ ಗೂಡನ್ನೇ ಅತ್ತೆ ಮನೆಗೆ ತಂದಿದ್ದಳು. ಊರುಗಳ ಹೆಸರಿದ್ದ ಜಾಗದಲ್ಲಿ ಈಗ ರೈಲು, ತೊಟ್ಟಿ, ವಯಸ್ಸು, ದಿಕ್ಕು ಎಂಬ ಚೀಟಿಗಳಿದ್ದವು. ಒಂದೊಂದು ಪ್ರಶ್ನೆಯೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿಕೊಂಡು ತನ್ನ ಖಾನೆ ಸೇರುತ್ತಿತ್ತು. ಅವಳ ಲೆಕ್ಕಗಳ ತೊಟ್ಟಿ ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಸೋರುತ್ತಿತ್ತು. ಹನ್ನೊಂದು ವರ್ಷದಿಂದ ಯಾರೂ ಅದನ್ನು ರಿಪೇರಿ ಮಾಡಿಸಿರಲಿಲ್ಲ.

ತೊಡಕು ಒಂದೇ. ಆ ಶಾಲೆಯವರು ಪರೀಕ್ಷೆ ಮುಗಿದೊಡನೆ ಪ್ರಶ್ನೆಪತ್ರಿಕೆ ವಾಪಸು ಕಿತ್ತುಕೊಳ್ಳುತ್ತಿದ್ದರು. ಗೀಚಿದ ಚೂರು ಕಾಗದವನ್ನೂ ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೆ ಅತ್ತೆ ಪಾಲಿನ ಪದ್ಧತಿ ಹೂಡಿದ್ದಳು. ನೂರು ಪ್ರಶ್ನೆ, ಹತ್ತು ಮಕ್ಕಳು. ತಲೆಗೆ ಹತ್ತು ಪ್ರಶ್ನೆ. ಪರೀಕ್ಷೆ ಬರೆದು ನೇರವಾಗಿ ಅವಳ ಮನೆಗೆ ಬಂದು ತಂತಮ್ಮ ಹತ್ತನ್ನು ಒಪ್ಪಿಸಿ, ಬಿಸ್ಕತ್ತು ತಿಂದು ಹೋಗಬೇಕು. ಮುಂದಿನ ವರ್ಷದ ಮಕ್ಕಳಿಗೆ ಅದೇ ಬೀಜ. ಇದು ಸರಿಯೇ ಎಂದು ನಾನೊಮ್ಮೆ ಕೇಳಿದ್ದೆ. "ಕಾಗದ ತರಬಾರದು ಅಂತಷ್ಟೇ ಬರ್ದಿದ್ದಾರೆ. ತಲೆ ಅಲ್ಲೇ ಬಿಟ್ಟು ಬನ್ನಿ ಅಂತ ಬರ್ದಿಲ್ಲ" ಎಂದಿದ್ದಳು.

ಈ ವರ್ಷ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಕೋಚಿಂಗ್ ಸೆಂಟರ್ ಬಂತು. ಅತ್ತೆಗೆ ಉಳಿದವರು ಆರೇ ಮಕ್ಕಳು. ಆರರಲ್ಲಿ ಒಬ್ಬಳು ಟೇಪು.

ಕೇಳಿದ್ದನ್ನು, ಓದಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳುತ್ತಿದ್ದರಿಂದ ಹತ್ತು ವರ್ಷದ ಆ ಹುಡುಗಿಗೆ ಆ ಹೆಸರು. ಅಮ್ಮ ದವಾಖಾನೆಯಲ್ಲಿ ನರ್ಸು, ಮನೆಯಲ್ಲಿ ಇವರಿಬ್ಬರೇ. ಇಷ್ಟು ದಿನ ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುತ್ತಿದ್ದ ಕೆಳಮನೆಯ ಅಜ್ಜಿ ಈಗ ಮಗಳ ಊರಿಗೆ ಹೊರಟಿದ್ದರು. ಕೆರೆಯಾಚೆಯ ಶಾಲೆಯಾದರೆ ಮಕ್ಕಳನ್ನು ಸಂಜೆ ಆರರವರೆಗೆ ಇಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ನರ್ಸಮ್ಮನ ಕೆಲಸವೂ ಮುಗಿಯುತ್ತದೆ. ಮೊದಲ ದಿನವೇ ಆಕೆ ಅತ್ತೆಗೆ ಸ್ಪಷ್ಟವಾಗಿ ಹೇಳಿದ್ದರು. ಅಲ್ಲಿ ಸೀಟು ಸಿಕ್ಕಿದರೆ ಮಗಳು ತನ್ನ ಹತ್ತಿರ ಇರುತ್ತಾಳೆ, ಇಲ್ಲದಿದ್ದರೆ ದೂರದ ಊರಿನಲ್ಲಿರುವ ಅಣ್ಣನ ಮನೆಗೆ ಕಳಿಸಬೇಕು, ಅಣ್ಣ ಆಗಲೇ ಕರೆದಿದ್ದಾನೆ. ಇದನ್ನು ಹೇಳುವಾಗ ಅವರ ದನಿ ಔಷಧಿ ಚೀಟಿ ಓದಿದ ಹಾಗಿತ್ತು. ಟೇಪು ಮಾತ್ರ ಅಮ್ಮನ ಸೆರಗಿನ ತುದಿಯನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದಳು.

ಪರೀಕ್ಷೆಯ ಹಿಂದಿನ ದಿನ ಅತ್ತೆ ಪಾಲು ಹಂಚಿದಳು. ಐವರಿಗೆ ಹನ್ನೆರಡು ಹನ್ನೆರಡು ಕೊಟ್ಟರೂ ಕೊನೆಯ ನಲವತ್ತು ಉಳಿದವು. ಅತ್ತೆಯ ಕಣ್ಣು ಟೇಪಿನ ಮೇಲೆ ನಿಂತಿತು. ಅವಳಿಗೆ ನಲವತ್ತು ಯಾವ ಲೆಕ್ಕ ಎಂದಳು. ಹುಡುಗಿ ಹೆಮ್ಮೆಯಿಂದ ತಲೆಯಾಡಿಸಿದಳು.

ಮಾರನೆಯ ಮಧ್ಯಾಹ್ನ ಆರೂ ಮಕ್ಕಳು ಬಂದು ಕೂತರು. ಬರೆದುಕೊಳ್ಳುವ ಕೆಲಸ ನನ್ನದು. ಎಲ್ಲದಕ್ಕೂ ವಾದಿಸುವ ಹುಡುಗ ಎಂಟು ತಂದಿದ್ದ. ಉಳಿದ ನಾಲ್ಕು ನೆನಪಿಡುವಷ್ಟು ಚೆನ್ನಾಗಿರಲಿಲ್ಲ ಎಂದು ವಾದಿಸಿದ. ಬೇಕರಿಯವರ ಮಗಳು ಮೂರನೆಯದರಲ್ಲಿ ಒಂದು ಆನೆ ಇತ್ತು, ಆನೆಯ ವಿಷಯ ಏನು ಕೇಳಿದ್ದರೋ ಗೊತ್ತಿಲ್ಲ ಎಂದಳು. ಅತ್ತೆ 'ಆನೆ' ಎಂದಷ್ಟೇ ಬರೆದಿಡಲು ಹೇಳಿದಳು.

ಟೇಪು ಕಣ್ಣು ಮುಚ್ಚಿಕೊಂಡಳು. ಅರವತ್ತೊಂದರಿಂದ ಶುರುಮಾಡಿ ನೂರರವರೆಗೆ, ನಾಲ್ಕು ನಾಲ್ಕು ಆಯ್ಕೆಗಳ ಸಮೇತ, ನಡುವೆ 'ಪುಟ ತಿರುಗಿಸಿ' ಎಂದಿದ್ದದ್ದನ್ನೂ ಬಿಡದೆ, ನಲ್ಲಿ ಬಿಟ್ಟ ಹಾಗೆ ಹೇಳಿದಳು. ನನ್ನ ಬೆರಳು ನೋಯುತ್ತಿತ್ತು. ಅತ್ತೆಯ ಮುಖ ಕಾಯಿಸಿದ ಹಾಲಿನ ಹಾಗೆ ಉಕ್ಕಿ ಬಂದಿತ್ತು. ಹನ್ನೊಂದು ವರ್ಷದಲ್ಲಿ ಇಂಥ ಫಸಲು ಅವಳು ಕಂಡಿರಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನೇ ಹುಡುಗಿಯ ಮಡಿಲಿಗಿಟ್ಟು, ಸುಮ್ಮನೆ ಮಾತಿಗೆಂಬಂತೆ ಕೇಳಿದಳು, "ಒಟ್ಟು ಎಷ್ಟಕ್ಕೆ ಉತ್ತರ ಬರ್ದೆ ಪುಟ್ಟಿ?"

"ಅರವತ್ತು."

"ಈ ನಲವತ್ತು?"

"ಉತ್ತರ ಸಿಕ್ಕಿದ ತಕ್ಷಣ ಪ್ರಶ್ನೆ ತಲೆಯಿಂದ ಹೋಗ್ಬಿಡುತ್ತೆ ಟೀಚರ್. ಅದಕ್ಕೆ ಇವನ್ನ ಮುಟ್ಲಿಲ್ಲ. ಹಾಗೇ ಎತ್ಕೊಂಡು ಬಂದೆ."

ಬಿಸ್ಕತ್ತು ಕಡಿಯುವ ಸದ್ದು ನಿಂತಿತು. ಅತ್ತೆ ಕೂತಳು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಆ ನಲವತ್ತನ್ನೂ ಒಂದೊಂದಾಗಿ ಕೇಳಿದಳು. ಅರ್ಧ ಗಂಟೆಯೊಳಗೆ ಟೇಪು ಮೂವತ್ತೆಂಟಕ್ಕೆ ಸರಿ ಉತ್ತರ ಹೇಳಿದಳು. ಎಂಬತ್ತಕ್ಕಿಂತ ಕಡಿಮೆ ಬಂದವರನ್ನು ಆ ಶಾಲೆ ಯಾವ ವರ್ಷವೂ ತೆಗೆದುಕೊಂಡದ್ದಿಲ್ಲ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ದವಾಖಾನೆಗೆ ಹೊರಟಳು, ಹಿಂದೆ ನಾನು. ಅಲ್ಲಿ ಉದ್ದ ಸಾಲು. ತಪ್ಪೊಪ್ಪಿಕೊಳ್ಳಲು ಬಂದವರಿಗೆ ಬೇರೆ ಸಾಲಿರಲಿಲ್ಲ. ಸರದಿ ಬಂದಾಗ ನರ್ಸಮ್ಮ ತಲೆಯೆತ್ತಿಯೂ ನೋಡದೆ ಅವಳ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿ ಗಾಳಿ ಒತ್ತತೊಡಗಿದರು. ತೋಳು ಬಿಗಿಯುತ್ತಿದ್ದ ಹಾಗೇ ಅತ್ತೆ ಎಲ್ಲವನ್ನೂ ಹೇಳಿದಳು. ಪಾಲಿನ ಪದ್ಧತಿ, ನಲವತ್ತು, ಮೂವತ್ತೆಂಟು. ತಪ್ಪು ಮಗುವಿನದಲ್ಲ, ತನ್ನದು ಎಂದು ಎರಡು ಸಲ ಹೇಳಿದಳು.

ಗಾಳಿ ಸುಂಯ್ ಎಂದು ಇಳಿಯಿತು. ನರ್ಸಮ್ಮ ಪಾದರಸವನ್ನೇ ನೋಡುತ್ತಿದ್ದರು.

"ನೂರ ಎಪ್ಪತ್ತೆಂಟು. ಇದನ್ನ ಹೇಳೋಕೆ ಬಂದ್ರೋ, ತೋರಿಸ್ಕೊಳ್ಳೋಕೆ ಬಂದ್ರೋ?"

"ಹೇಳೋಕೆ."

"ಹೇಳಿದ್ದಾಯ್ತಲ್ಲ. ಉಪ್ಪು ಕಡಿಮೆ ಮಾಡಿ," ಎಂದು ಮಾತ್ರೆಯ ಚೀಟಿ ಕೈಗಿಟ್ಟು ಮುಂದಿನವರನ್ನು ಕರೆದರು. ಬೈದಿದ್ದರೆ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅತ್ತೆ ಗೊಣಗಿದಳು. ಫಲಿತಾಂಶ ಬರುವವರೆಗಿನ ಮೂರು ವಾರ ಅವಳು ಗೂಡಿನ ಮುಂದೆ ನಿಂತರೂ ಆ ನಲವತ್ತು ಪ್ರಶ್ನೆಗಳನ್ನು ಯಾವ ಖಾನೆಗೂ ಹಾಕಲಿಲ್ಲ.

ಫಲಿತಾಂಶದ ದಿನ ಟೇಪು, ನರ್ಸಮ್ಮ, ಅತ್ತೆ, ನಾನು ನಾಲ್ವರೂ ಬಸ್ಸಿನಲ್ಲಿ ಹೋದೆವು. ಕೆರೆಯ ನೀರು ಬಿಸಿಲಿಗೆ ತೆಳ್ಳಗೆ ಮಿನುಗುತ್ತಿತ್ತು. ಗೇಟಿಗೆ ಅಂಟಿಸಿದ್ದ ಹಾಳೆಯಲ್ಲಿ ಅರವತ್ತು ನಂಬರುಗಳಿದ್ದವು. ವಾದಿಸುವ ಹುಡುಗನದಿತ್ತು, ಆನೆಯ ಹುಡುಗಿಯದೂ ಇತ್ತು. ಟೇಪಿನದಿರಲಿಲ್ಲ. ಅವಳು ಹಾಳೆಯ ಮುಂದೆ ತುಸು ಹೊತ್ತು ನಿಂತು ಬಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಟೇಪು ಮೆಲ್ಲಗೆ, ಪಾಸಾದವರ ನಂಬರುಗಳನ್ನು ಮೊದಲಿನಿಂದ ಒಪ್ಪಿಸುತ್ತಿದ್ದಳು. ಕಂಡಕ್ಟರು ಎರಡು ಸಲ ತನ್ನ ಟಿಕೆಟ್ಟಿನ ಕಟ್ಟು ನೋಡಿಕೊಂಡ. ನರ್ಸಮ್ಮ ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದರು.

ಹದಿನೇಳನೆಯ ನಂಬರಿನ ಹೊತ್ತಿಗೆ ಅತ್ತೆಗೆ ತಡೆಯಲಾಗಲಿಲ್ಲ. "ಸಂಜೆವರೆಗೆ ಇಟ್ಕೊಳ್ತಾರೆ ಅಂತ ತಾನೇ ನಿಮಗೆ ಆ ಶಾಲೆ ಬೇಕಾಗಿದ್ದು? ಈಗಿನ ಶಾಲೆಗೇ ಹೋಗ್ಲಿ. ಬಿಟ್ಟ ಮೇಲೆ ನನ್ನ ಮನೇಲಿರ್ಲಿ. ಅಲ್ಲಿಗೆ ಪ್ರವೇಶ ಪರೀಕ್ಷೆ ಇಲ್ಲ."

ನಾನು ಬೆರಗಾದೆ. ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆಯ ನಿದ್ದೆ. ಆಗ ಮನೆಗೆ ಬೆಂಕಿ ಬಿದ್ದರೂ ನಾಲ್ಕರ ಮೇಲೆ ಬನ್ನಿ ಅನ್ನುವವಳು ಅವಳು.

ನರ್ಸಮ್ಮ ಕಿಟಕಿ ಬಿಟ್ಟು ಪೂರ್ತಿ ಇತ್ತ ತಿರುಗಿದರು.

"ಪರೀಕ್ಷೆ ಇದೆ. ನಿಮಗೆ," ಎಂದರು. "ಜ್ವರ ಬಂದ್ರೆ?"

"ಒದ್ದೆ ಬಟ್ಟೆ ಹಾಕಿ ನಿಮಗೆ ಫೋನ್ ಮಾಡ್ತೀನಿ."

"ಮೊದಲು ಫೋನ್. ಆಮೇಲೆ ಬಟ್ಟೆ. ಮಧ್ಯಾಹ್ನ ಮಲಗ್ತೀರಂತೆ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ಹೇಳಿದವಳು ನಾನಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ. "ಎರಡೂವರೆಗೆ ಏಳ್ತೀನಿ," ಎಂದಳು.

"ಸರಿ. ನಾನು ಏನೂ ಓದಲ್ಲ, ಸುಮ್ನೆ ಕೂತಿರ್ತೀನಿ ಅಂತ ಇವಳು ಹಟ ಹಿಡಿದ್ರೆ?"

ಅತ್ತೆಯ ಕೈ ತುರುಬಿನ ಪೆನ್ಸಿಲಿಗೆ ಹೋಗಿ ಅಲ್ಲೇ ನಿಂತಿತು. ನಲವತ್ತೆಂಟು ಖಾನೆಗಳಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

"ಕೂತಿರ್ಲಿ," ಎಂದಳು ಕಡೆಗೆ. "ನಾನೂ ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ. ನನಗೆ ಅಭ್ಯಾಸ ಇಲ್ಲ. ಕಲೀತೀನಿ."

ನರ್ಸಮ್ಮ ಪಾಸು ನಪಾಸು ಏನೂ ಹೇಳಲಿಲ್ಲ. ಚೀಲದಿಂದ ಫೋನ್ ತೆಗೆದು, ಎಂಜಿನ್ನಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡರು. "ಅಣ್ಣಾ, ನೀನು ಭಾನುವಾರ ಬರೋದು ಬೇಡ. ಇಲ್ಲ, ಸೀಟು ಸಿಗ್ಲಿಲ್ಲ. ಸಿಗ್ಲಿಲ್ಲ ಅಂದ್ನಲ್ಲ. ಇವಳು ಇಲ್ಲೇ ಇರ್ತಾಳೆ."

ಟೇಪು ನಲವತ್ತೊಂದನೆಯ ನಂಬರಿನಲ್ಲಿದ್ದಳು. ನಿಲ್ಲಿಸಿದಳು. ಆಮೇಲೆ, ಜಾಗ ಬದಲಾಯಿಸೋಣ, ತನಗೆ ಕಿಟಕಿ ಪಕ್ಕ ಬೇಕು ಎಂದು ಅಮ್ಮನ ಹತ್ತಿರ ಜಗಳಕ್ಕೆ ಶುರುಮಾಡಿದಳು.