ದೊಡ್ಡಪ್ಪನ ಎಡಗಡೆಯ ಕಿಸೆ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಎಷ್ಟು ಕಾಲವಾಗಿತ್ತೋ. ನಿನ್ನೆ ರಿಪೇರಿಯವನು ಬಂದು, ಅದನ್ನು ಮಗುಚಿ ಹಾಕಿ, ಉದ್ದ ಮೂಗಿನ ಕುಪ್ಪಿಯಿಂದ ಸಂದುಗೊಂದಿಗೆಲ್ಲ ತೊಟ್ಟು ತೊಟ್ಟು ಎಣ್ಣೆ ಬಿಟ್ಟು ಹೋದ. ಮನೆ ತುಂಬ ವಾಸನೆ. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಮೂಗು ಏರಿಸಿ, "ನಿಮ್ಮ ದೊಡ್ಡಪ್ಪ ಬಂದಂಗಾತು ನೋಡು, ತಮ್ಮನ ಪಾಲು ನುಂಗಿದ ಪಿಸ್ತೂಲ್ ಗೌಡ" ಅಂದರು. ಮದುವೆಯಾದಾಗಿನಿಂದ ಅವರದು ಇದೊಂದು ಚೇಷ್ಟೆ. ನಾನು ಎಂದಿನಂತೆ ಕೇಳಿಸದವಳ ಹಾಗೆ ಒಳಗೆ ಹೋದೆ. ಆದರೆ ವಾಸನೆ ನನ್ನ ಹಿಂದೆಯೇ ಅಡುಗೆಮನೆಗೂ ಬಂತು.

ದೊಡ್ಡಪ್ಪ ಅಂದರೆ ನಮ್ಮ ಅಪ್ಪನ ಅಣ್ಣ. ಗಂಗಾವತಿ ಹತ್ತಿರದ ಮರಳಿಯಲ್ಲಿ ನಮ್ಮ ಮನೆ. ನಾನು ಸಣ್ಣವಳಿದ್ದಾಗಲೇ ಅವ್ವ ಜ್ವರ ಬಂದು ತೀರಿಕೊಂಡಳು. ದೊಡ್ಡಪ್ಪ-ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ಹೀಗಾಗಿ ನಾನು ಅವರ ಮಗಳೂ ಆದೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ನಿಜಾಮರ ಕಾಲದಲ್ಲಿ ಪೊಲೀಸ್ ಪಾಟೀಲನಾಗಿದ್ದವನು. ಅವನದೊಂದು ರಿವಾಲ್ವರ್ ಇತ್ತು. ಅವನು ಹೋದ ಮೇಲೆ ಅದರ ಲೈಸೆನ್ಸು ಹಿರಿಯ ಮಗನಾದ ದೊಡ್ಡಪ್ಪನ ಹೆಸರಿಗೆ ಬಂತು. ಮನೆಯಲ್ಲಿ ಯಾರೂ ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಸಾಮಾನು' ಅನ್ನುತ್ತಿದ್ದೆವು. ದೇವರ ಕೋಣೆಯ ಟ್ರಂಕಿನಲ್ಲಿ ಅದು ಹಳೆಯ ರೇಷ್ಮೆ ಬಟ್ಟೆಗಳ ಜೊತೆ ಮಲಗಿರುತ್ತಿತ್ತು. ಮಹಾನವಮಿಗೆ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಅವ್ವ ತೀರಿಕೊಂಡ ವರ್ಷವೇ, ಒಂದು ದಿನ ಇದ್ದಕ್ಕಿದ್ದಂತೆ ದೊಡ್ಡಪ್ಪ ಸಾಮಾನನ್ನು ಮೈಮೇಲೆ ಇಟ್ಟುಕೊಳ್ಳಲು ಶುರು ಮಾಡಿದ. ದೊಡ್ಡವ್ವ, ಈಗ ನನ್ನ ಮನೆಯಲ್ಲಿರುವ ಇದೇ ಯಂತ್ರದ ಮೇಲೆ, ಅವನ ಒಳಂಗಿಗೆ ಎಡಗಡೆ ದಪ್ಪ ಖಾದಿಯ ಕಿಸೆ ಹೊಲಿದು ಕೊಟ್ಟಳು. ಮೇಲೆ ಅಂಗಿ, ಅದರ ಮೇಲೆ ಹೆಗಲಿಗೊಂದು ಟವೆಲ್ಲು. ಏನೂ ಕಾಣುತ್ತಿರಲಿಲ್ಲ. ಹೊಲಕ್ಕೆ ಹೋಗಲಿ, ಸಂತೆಗೆ ಹೋಗಲಿ, ಸತ್ತವರ ಮನೆಗೆ ಹೋಗಲಿ, ಕಿಸೆ ಖಾಲಿ ಇರುತ್ತಿರಲಿಲ್ಲ. ವಾರಕ್ಕೊಮ್ಮೆ ಯಂತ್ರದ ಎಣ್ಣೆ ಕುಪ್ಪಿಯಿಂದ ಒಂದು ತೊಟ್ಟು ತಗೊಂಡು, ಬಾಗಿಲು ಹಾಕಿಕೊಂಡು ಅದನ್ನು ಒರೆಸುತ್ತಿದ್ದ.

ಕಾಣದ ವಸ್ತು ಊರಿಗೆಲ್ಲ ಕಾಣುತ್ತದೆ. ಗೌಡನಿಗೆ ಯಾರೋ ಶತ್ರು ಹುಟ್ಟಿದ್ದಾನೆ ಅಂತ ಮಾತು ಬೆಳೆಯಿತು. ಕಾಲುವೆ ನೀರಿನ ಜಗಳ ಅಂದರು ಕೆಲವರು. ಕೆಳಗಿನ ಗದ್ದೆ ಮಾಡುತ್ತಿದ್ದ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತ, ಪಾಪ, ಕಿವಿಗೆ ಬಿದ್ದ ಮಾತು ತಡೆಯಲಾಗದೆ ನಮ್ಮ ಮನೆಗೇ ಬಂದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಆ ಶತ್ರು ತಾನೇ ಏನು ಅಂತ ಕೇಳಿದ. ದೊಡ್ಡಪ್ಪ ಅವನಿಗೆ ಚಹಾ ಕುಡಿಸಿದ, ಈ ಸಲ ಭತ್ತ ಹೇಗಿದೆ ಅಂತ ವಿಚಾರಿಸಿದ, ಅಲ್ಲ ಅಂತಲೂ ಅನ್ನಲಿಲ್ಲ ಹೌದು ಅಂತಲೂ ಅನ್ನಲಿಲ್ಲ. ಅವನು ಬಂದದ್ದಕ್ಕಿಂತ ಹೆಚ್ಚು ಹೆದರಿಕೊಂಡು ಹೋದ.

ನಾನೇನು ಕಡಿಮೆ ಇರಲಿಲ್ಲ. ಶತ್ರುವನ್ನು ಹುಡುಕುವ ಕೆಲಸ ನನ್ನದೇ ಅಂತ ತಿಳಿದಿದ್ದೆ. ಒಂದು ಸಲ ಬಳೆಗಾರನೊಬ್ಬ ನಮ್ಮ ಮನೆಯ ಮುಂದೆ ಎರಡೆರಡು ಸಲ ಹಾದುಹೋದ ಅಂತ ಅನುಮಾನ ಬಂದು, ಓಣಿಯವರಿಂದೆಲ್ಲ ಬಾಗಿಲು ಹಾಕಿಸಿಬಿಟ್ಟೆ. ಆ ಪಂಚಮಿಗೆ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಹಳೇ ಬಳೆಯಲ್ಲೇ ಜೋಕಾಲಿ ಆಡಿದರು. ದೊಡ್ಡವ್ವ ಮಾತ್ರ ಇಂಥವಕ್ಕೆಲ್ಲ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದೂ ನನಗೆ ಅನುಮಾನವೇ.

ಈಗ ರಸ್ತೆಯ ಮಾತಿಗೆ ಬರುತ್ತೇನೆ. ಆಗ ನಮ್ಮದೆಲ್ಲ ರಾಯಚೂರು ಜಿಲ್ಲೆ. ಗಂಗಾವತಿ ಸೀಮೆಯ ಅಕ್ಕಿಯನ್ನು ಪರವಾನಗಿ ಇಲ್ಲದೆ ಆಚೆ ಸಾಗಿಸುವಂತಿರಲಿಲ್ಲ. ಅದಕ್ಕಾಗಿ ಕೊಪ್ಪಳದ ದಾರಿಯಲ್ಲಿ, ಕುಷ್ಟಗಿಯ ದಾರಿಯಲ್ಲಿ ಆಗಾಗ ನಾಕಾ ಹಾಕಿ ಜೀಪು, ಲಾರಿ ತಡೆಯುತ್ತಿದ್ದರು. ನಮ್ಮದೊಂದು ಹಳೆಯ ಜೀಪಿತ್ತು. ಪೊಲೀಸರು ಕೈ ಮಾಡಿದ ಕೂಡಲೇ ದೊಡ್ಡಪ್ಪ ಗಾಡಿ ಬಂದ್ ಮಾಡಿ, ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಕಾಣುವಂತೆ ಇಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದ: "ಸಾಹೇಬ್ರ, ನಾ ಮರಳಿಯಾವ. ನನ್ನ ಕಡೆ ರಿವಾಲ್ವರ್ ಐತ್ರಿ, ಲೈಸೆನ್ಸೂ ಐತ್ರಿ. ಎಡಗಡಿ ಕಿಸೇದಾಗ ಐತಿ. ನಾ ಕೈ ಹಾಕಂಗಿಲ್ಲ, ನೀವ ತಗೋರಿ." ನಾವೆಲ್ಲ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾತಾಡದೆ, ಸಾಲಿಯ ಪ್ರಾರ್ಥನೆಗೆ ನಿಂತವರ ಹಾಗೆ ಕೂರಬೇಕು. ಇದನ್ನು ಅಂಗಳದಲ್ಲಿ ನಿಂತ ಜೀಪಿನಲ್ಲಿ ಕೂರಿಸಿ ಕಲಿಸಿದ್ದ.

ಅಕ್ಕಿ ಹುಡುಕಲು ಬಂದವರ ಕೈಗೆ ರಿವಾಲ್ವರ್ ಸಿಕ್ಕರೆ ಅವರ ಗತಿ ಏನು ಹೇಳಿ. ಲೈಸೆನ್ಸು ನೋಡುವುದರಲ್ಲಿ, ನಂಬರು ತಾಳೆ ನೋಡುವುದರಲ್ಲಿ ಅಕ್ಕಿಯ ನೆನಪೇ ಹಾರಿಹೋಗುತ್ತಿತ್ತು. ಹಿಂದಿನ ಸೀಟಿನಡಿ, ಹಾಸಿಗೆಯ ಸುರುಳಿಯೊಳಗೆ, ದೊಡ್ಡವ್ವ ಅಳವಂಡಿಯ ತನ್ನ ತವರಿಗೆಂದು ಸಣ್ಣಕ್ಕಿ ಕಟ್ಟಿಟ್ಟಿರುತ್ತಿದ್ದಳು. ಕಾಯಿದೆಯ ಪ್ರಕಾರ ಇದ್ದ ಸಾಮಾನನ್ನು ತೋರಿಸಿ, ಕಾಯಿದೆಗೆ ವಿರುದ್ಧವಾಗಿದ್ದ ಅಕ್ಕಿಯನ್ನು ದಾಟಿಸಿಕೊಂಡು ಹೋಗುತ್ತಿದ್ದೆವು. ದೊಡ್ಡಪ್ಪನಿಗೆ ಈ ಅಕ್ಕಿಯ ವಿಷಯ ಗೊತ್ತಿರಲಿಲ್ಲ ಅಂತ ದೊಡ್ಡವ್ವ ಹೇಳುತ್ತಿದ್ದಳು. ನನಗೆ ನಂಬಿಕೆ ಇಲ್ಲ.

ಒಂದು ಸಂಗತಿ ಮಾತ್ರ ಯಾವ ಲೆಕ್ಕಕ್ಕೂ ಕೂಡುತ್ತಿರಲಿಲ್ಲ. ಚುನಾವಣೆ ಬಂದಾಗ ಲೈಸೆನ್ಸು ಇದ್ದವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕು. ಶತ್ರು ಇದ್ದವನು ಆ ದಿನಗಳಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ತಿರುಗಬೇಕಲ್ಲವೇ. ದೊಡ್ಡಪ್ಪ ಹಾಗಲ್ಲ. ಒಪ್ಪಿಸಿ ಬಂದ ದಿನ ಹಬ್ಬದೂಟ ಉಂಡು, ಕಟ್ಟೆಯ ಮೇಲೆ ಟವೆಲ್ಲು ಹಾಸಿ, ಗೊರಕೆ ಹೊಡೆದು ಮಲಗುತ್ತಿದ್ದ. ವರ್ಷವಿಡೀ ಮಧ್ಯಾಹ್ನ ಕಣ್ಣು ಮುಚ್ಚದವನು. ಚುನಾವಣೆ ಮುಗಿದು ಸಾಮಾನು ವಾಪಸು ಬಂದರೆ ಮತ್ತೆ ಮುಖ ಬಿಗಿಯುತ್ತಿತ್ತು.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ನನಗೆ ಕುಷ್ಟಗಿಯ ಗಂಡು ಗೊತ್ತಾಯಿತು. ಸರಕಾರಿ ಕಚೇರಿಯಲ್ಲಿ ಗುಮಾಸ್ತರು, ಅಂದರೆ ನಿನ್ನೆ ಪೇಪರು ಓದುತ್ತಿದ್ದ ಯಜಮಾನರೇ. ನಿಶ್ಚಯವೂ ಆಯಿತು. ಜವಳಿ ತೆಗೆಯಲು ಎರಡೂ ಕಡೆಯವರು ಕೂಡಿ ಹೋಗಬೇಕಲ್ಲ, ಗಂಡಿನ ಕಡೆಯಿಂದ ಅವರ ಸೋದರಮಾವ ಬಂದರು. ಯಲಬುರ್ಗಿಯಲ್ಲಿ ಶೇಂಗಾ ವ್ಯಾಪಾರ. ಒಂದೊಂದು ಕಾಯಿಯನ್ನೂ ಒಡೆದು ನೋಡದೆ ಚೀಲ ಮುಟ್ಟದ ಮನುಷ್ಯ. ಮನುಷ್ಯರನ್ನೂ ಅವರು ಹಾಗೆಯೇ ನೋಡುತ್ತಿದ್ದರು. ದೊಡ್ಡಪ್ಪ, ಅಪ್ಪ, ದೊಡ್ಡವ್ವ, ನಾನು, ಯಲಬುರ್ಗಿ ಮಾವ, ಐದು ಮಂದಿ ಜೀಪಿನಲ್ಲಿ ಕೊಪ್ಪಳಕ್ಕೆ ಹೊರಟೆವು.

ಕೊಪ್ಪಳ ಇನ್ನೇನು ಬಂತು ಅನ್ನುವಾಗ ನಾಕಾ. ದೊಡ್ಡಪ್ಪ ತನ್ನ ಪಾಠ ಒಪ್ಪಿಸಿದ. ರಿವಾಲ್ವರ್ ಅಂದದ್ದೇ ಯಲಬುರ್ಗಿ ಮಾವ ನನ್ನ ಕಡೆ, ನನ್ನ ಅಪ್ಪನ ಕಡೆ, ಕೊನೆಗೆ ಹಾಸಿಗೆಯ ಸುರುಳಿಯ ಕಡೆಗೂ ನೋಡಿದರು. ಪೊಲೀಸ ಹೊಸಬ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಮ್ಮನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿದ. ದೊಡ್ಡಪ್ಪ ಎರಡೂ ಕೈ ಬಾನೆಟ್ಟಿನ ಮೇಲಿಟ್ಟು ನಿಂತ. ಪೊಲೀಸ ಕಿಸೆಯಿಂದ ಸಾಮಾನು ತೆಗೆದು, ಬೇವಿನ ಗಿಡದ ಕೆಳಗೆ ಕೂತಿದ್ದ ಜಮಾದಾರನಿಗೆ ತೋರಿಸಿದ. ಜಮಾದಾರ ಲೈಸೆನ್ಸು ತಿರುವಿ ನೋಡಿ, ಎಲ್ಲ ಸರಿ ಇದೆ, ವಾಪಸು ಕೊಡು ಅಂದ. ಹುಡುಗನಿಗೆ ಅದು ಕೈಯಿಂದ ಹೋದರೆ ಸಾಕಾಗಿತ್ತು. ಹತ್ತಿರ ಯಾರು ನಿಂತಿದ್ದರೋ ಅವರ ಮುಂದೆ ಹಿಡಿದ. ನಿಂತಿದ್ದವನು ನಮ್ಮ ಅಪ್ಪ. ಅಪ್ಪನ ಕೈ ಮುಂದೆ ಹೋಯಿತು.

ಪೊಲೀಸರ ಮುಂದೆ ಎಂದೂ ಉಸಿರು ಜೋರಾಗಿ ಬಿಡದ ದೊಡ್ಡಪ್ಪ, ಬಾನೆಟ್ಟು ಬಿಟ್ಟು ಹಾರಿ ಬಂದು, ಅಪ್ಪನ ಕೈಗೆ ಹೊಡೆದು, ಸಾಮಾನನ್ನು ಕಸಿದುಕೊಂಡ. "ಇವನ ಕೈಯಾಗ ಯಾಕ ಕೊಡ್ತೀರಿ?" ಅಂದ. ಪೊಲೀಸ ಲಾಠಿ ಎತ್ತಿದ, ಜಮಾದಾರ ಎದ್ದು ನಿಂತ. ಅವರು ನಿಮ್ಮ ಮನೆಯವರೇ ಅಲ್ಲವೇ ಅಂತ ಕೇಳಿದ. ದೊಡ್ಡಪ್ಪ ಸಾವರಿಸಿಕೊಂಡು, ಲೈಸೆನ್ಸು ತನ್ನ ಹೆಸರಿನಲ್ಲಿದೆ, ಇನ್ನೊಬ್ಬರ ಕೈಗೆ ಕೊಡಲು ಬರುವುದಿಲ್ಲ ಅಂದ. ಮಾತು ಕಾಯಿದೆಗೆ ಸರಿಯಾಗಿತ್ತು. ಜಮಾದಾರ ತನ್ನ ಹುಡುಗನನ್ನೇ ಗದರಿಸಿ ನಮ್ಮನ್ನು ಬಿಟ್ಟ. ಅಪ್ಪ ತಲೆ ತಗ್ಗಿಸಿ, ಪೆಟ್ಟು ಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಜೀಪು ಹತ್ತಿದ.

ಪೊಲೀಸರ ಅನುಮಾನ ಮುಗಿಯಿತು, ಯಲಬುರ್ಗಿ ಮಾವನದು ಅಲ್ಲಿಂದ ಶುರು. ಅಂಗಡಿಯಲ್ಲಿ ಅವರು ಒಂದು ಸೀರೆಯ ಮೇಲೂ ಕೈ ಆಡಿಸಲಿಲ್ಲ. ಗಾಳಿಗೆ ಹೋಗಿ ಬರೋಣ ಅಂತ ದೊಡ್ಡಪ್ಪನನ್ನು ಕರೆದುಕೊಂಡು ಹೊರಗೆ ಹೋದರು. ನಾನು ಬೆಳಕಿನಲ್ಲಿ ಬಣ್ಣ ನೋಡಲು ಸೀರೆ ಹಿಡಿದು ಬಾಗಿಲಿಗೆ ಬಂದರೆ, ಇಬ್ಬರೂ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದರು.

"ಗೌಡ್ರ, ಪೊಲೀಸ್ರಿಗೆ ನೀವು ಹೇಳಿದ್ದು ಕಾಯಿದಿ ಮಾತು. ನಾ ನಿಮ್ಮ ಮಾರಿ ನೋಡೀನಿ" ಅಂದರು ಮಾವ. "ಒಂದೋ ಅಣ್ಣತಮ್ಮರ ನಡುವ ಪಾಲಿನ ಜಗಳ ಐತಿ. ಇಲ್ಲಾ ಹುಡುಗಿ ಅಪ್ಪಗ ಏನೋ ಆಗೈತಿ. ಅವರ ತಲಿ ನೆಟ್ಟಗ ಇಲ್ಲಂದ್ರ ಈಗ ಹೇಳಿಬಿಡ್ರಿ. ಆ ಮನಿ ಹೆಣ್ಣು ನಾವು ತರಂಗಿಲ್ಲ."

ದೊಡ್ಡಪ್ಪ ಒಂದು ಗಳಿಗೆಯೂ ತಡ ಮಾಡಲಿಲ್ಲ. "ಪಾಲಿನ ಜಗಳ ರಿ" ಅಂದ. "ತಪ್ಪು ನಂದ. ಅವನ ಹೊಲಾನೂ ನಾನ ಹಿಡ್ಕೊಂಡು ಕುಂತೀನಿ. ತಪ್ಪು ಮಾಡಿದಾವಗ ಹೆದರಿಕಿ ಇರತೈತಲ್ರಿ, ಅದಕ್ಕ ಕಸಗೊಂಡೆ. ನನ್ನ ತಮ್ಮಗ ಏನೂ ಆಗಿಲ್ಲ. ಬಂಗಾರದಂಥಾ ಮನಷ್ಯಾ ಅದಾನ."

ಮಾವನ ಬೆನ್ನು ಸಡಿಲವಾದದ್ದು ನನಗೆ ಹಿಂದಿನಿಂದಲೇ ಕಂಡಿತು. ಪಾಲು ನುಂಗುವುದು ಅವರಿಗೆ ಗೊತ್ತಿದ್ದ ರೋಗ, ನೆಂಟರಲ್ಲೇ ಎಷ್ಟೋ ಮಂದಿಗೆ ಇತ್ತು. ಸಂಬಂಧ ನಿಲ್ಲಿಸುವುದಿಲ್ಲ, ಆದರೆ ಪಿಸ್ತೂಲು ಇಟ್ಟುಕೊಂಡು ತಮ್ಮನಿಗೆ ಕೈ ಮಾಡುವ ನೀವು ಮದುವೆಯ ಹಂದರಕ್ಕೆ ಬರಕೂಡದು ಅಂದರು. ದೊಡ್ಡಪ್ಪ ಆಗಲಿ ಅಂದ. ಅಷ್ಟು ಸುಲಭವಾಗಿ ಆಗಲಿ ಅಂದದ್ದು ನನ್ನ ಎದೆಗೆ ನಾಟಿತು. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ನನ್ನ ಅಪ್ಪನ ಹೊಲ ನುಂಗಿದವನು, ಎರಡೂ ಒಬ್ಬನೇ ಹೇಗಾದ ಅಂತ ತಿಳಿಯದೆ ಕೈಯಲ್ಲಿದ್ದ ಸೀರೆಯನ್ನೇ ಇದು ಇರಲಿ ಅಂದೆ. ಅದು ಯಾವ ಬಣ್ಣದ್ದು ಅಂತ ಮನೆಗೆ ಬಂದ ಮೇಲೆ ನೋಡಿದೆ.

ಮದುವೆ ಕುಷ್ಟಗಿಯಲ್ಲಿ ಆಯಿತು. ದೊಡ್ಡವ್ವ ಬಂದಳು, ಮರಳಿಯ ಅರ್ಧ ಊರು ಬಂತು, ದೊಡ್ಡಪ್ಪ ಬರಲಿಲ್ಲ. ಅಪ್ಪ ಒಬ್ಬನೇ ನಿಂತು ಧಾರೆ ಎರೆದ. ಆಮೇಲೆ ನಾನು ತವರಿಗೆ ಹೋದಾಗಲೆಲ್ಲ ದೊಡ್ಡಪ್ಪನ ಜೊತೆ ಊಟಕ್ಕೆ ಏಳು, ಕೂಡು ಅನ್ನುವಷ್ಟೇ ಮಾತು. ಅವನು ನನ್ನ ಮಕ್ಕಳಿಗೆ ಕಿನ್ನಾಳದ ಬಣ್ಣದ ಗೊಂಬೆ ತಂದುಕೊಟ್ಟರೆ, ಇದೂ ನಮ್ಮ ಅಪ್ಪನ ಹೊಲದ್ದೇ ಇರಬೇಕು ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಕೆಲವು ವರ್ಷ ಕಳೆದು ದೊಡ್ಡಪ್ಪ ಎದೆನೋವಿನಿಂದ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಸಾಮಾನನ್ನು ಠಾಣೆಗೆ ಒಪ್ಪಿಸಬೇಕಿತ್ತು. ಟ್ರಂಕಿನ ಬೀಗದ ಕೈ ದೊಡ್ಡವ್ವನ ಸೆರಗಿನಲ್ಲಿತ್ತು. ನೀನೇ ತೆಗೆದುಕೊಡು ಅಂತ ಅಪ್ಪನಿಗೆ ಅಂದೆ. ಅವನು ದೇವರ ಕೋಣೆಯ ಹೊಸ್ತಿಲು ದಾಟಲಿಲ್ಲ. "ಪೊಲೀಸರನ್ನ ಮನಿಗೇ ಕರಸವ್ವ. ನಾ ಅದನ್ನ ಮುಟ್ಟಂಗಿಲ್ಲ ಅಂತ ಅಣ್ಣಗ ಮಾತು ಕೊಟ್ಟೀನಿ" ಅಂದ.

ಅಲ್ಲೇ ಗೋಡೆಗೆ ಒರಗಿ ಕೂತು ಹೇಳಿದ. ಅವ್ವ ಹೋದ ಮೇಲೆ ಒಂದು ಮಧ್ಯಾಹ್ನ ಅಪ್ಪ ಟ್ರಂಕು ತೆರೆದು, ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ನೀರು ಒಯ್ಯಲು ಮನೆಗೆ ಬಂದ ದೊಡ್ಡವ್ವ ನೋಡಿ, ಕೂಗದೆ, ಅವನ ಕೈಯಿಂದ ಮೆಲ್ಲಗೆ ತಗೊಂಡು ಹೊಲದಲ್ಲಿದ್ದ ದೊಡ್ಡಪ್ಪನ ಹತ್ತಿರ ಓಡಿದಳಂತೆ. ಮರುದಿನವೇ ಒಳಂಗಿಗೆ ಕಿಸೆ ಬಂತು.

"ಸರಕಾರಕ್ಕ ಒಪ್ಪಿಸಿಬಿಡು ಅಂದೆ" ಅಂದ ಅಪ್ಪ. "ಒಪ್ಪಿಸಿದರ ಊರು ಯಾಕ ಅಂತ ಕೇಳತೈತಿ, ಮುಂದ ಹುಡುಗಿ ಮದುವಿ ಆಗಬೇಕು ಅಂದ ಅಣ್ಣ. ಶತ್ರು ಅದಾರ ಅಂತ ಅವರ ತಿಳ್ಕೊಳ್ಳಲಿ ಅಂದ. ನಿನ್ನ ಮದುವಿ ಆದ ಮ್ಯಾಲೂ ನನ್ನ ನಂಬಲಿಲ್ಲವ್ವ ಅಂವ. ನಂಬದಿದ್ದದ್ದ ಛಲೋ ಆತು."

ನಾನು ಅಪ್ಪನ ಕೈ ಹಿಡಿದುಕೊಂಡು ಅತ್ತೆ. ಇದನ್ನು ಬೀಗರ ಮನೆಯಲ್ಲಿ ಬಾಯಿ ಬಿಡಬೇಡ, ನಿನಗೂ ಹೆಣ್ಣುಮಕ್ಕಳಿದ್ದಾರೆ ಅಂದ. ಅಪ್ಪ ಆಮೇಲೆ ಬಹಳ ವರ್ಷ ಇದ್ದ. ಮೊಮ್ಮಕ್ಕಳ ಲಗ್ನದಲ್ಲಿ ಪಟಗ ಸುತ್ತಿಕೊಂಡು ಓಡಾಡಿದ. ನಮ್ಮ ಮನೆಯಲ್ಲೇ, ಮುಪ್ಪಿನಿಂದ, ಬೆಳಗಿನ ಚಹಾ ಕುಡಿದು ಹೋದ. ಮಾತು ಕೊಟ್ಟಿದ್ದೆನಲ್ಲ, ಬಾಯಿಗೆ ಹಾಕಿದ ಬೀಗ ಅವನು ಹೋದ ಮೇಲೂ ಹಾಗೇ ಉಳಿದಿತ್ತು.

ನಿನ್ನೆ ಯಾಕೋ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಹೊರಗೆ ಬಂದು, ಯಜಮಾನರ ಕೈಯಿಂದ ಪೇಪರು ತಗೊಂಡು ಬದಿಗಿಟ್ಟು, ಎದುರಿಗೆ ಕೂತು ಎಲ್ಲ ಹೇಳಿದೆ.

"ನಮ್ಮ ಯಲಬುರ್ಗಿ ಮಾವ ಸಾಯೂತನಾ ಅವರನ್ನ ಕಳ್ಳ ಅಂತಿದ್ದ" ಅಂದರು ಯಜಮಾನರು.

"ಅನ್ನಲಿ ಅಂತನ ಅಂವ ಹಂಗ ಹೇಳಿದ್ದು ರಿ" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದೇ ಮಾತು ಕೇಳಿದರು. ಮದುವೆಯ ದಿನ ಮನೆಯವರೆಲ್ಲ ಕುಷ್ಟಗಿಯಲ್ಲಿದ್ದೆವಲ್ಲ, ಅವತ್ತು ದೊಡ್ಡಪ್ಪ ಎಲ್ಲಿ ಉಂಡರು ಅಂತ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಈಗ ಇಲ್ಲ.