ಸಿನಿಮಾದ ಲ್ಯಾಬು, ನಮ್ಮ ಬೀಗ

“ಸಾರ್, ನಮ್ಮ ಲ್ಯಾಬ್ ಬೀಗ ಯಾವಾಗ ತೆಗೀತೀರ?”

ಪಿಯುಸಿ ವಿಜ್ಞಾನ ಓದುವ ನನ್ನ ಕಿರಿಯ ಮಗಳು ಎದ್ದು ನಿಂತು ಹೀಗೆ ಕೇಳಿದಾಗ ಸಭಾಂಗಣದಲ್ಲಿ ಇನ್ನೂ ನಗು ನಿಂತಿರಲಿಲ್ಲ. ದೊಡ್ಡಬಳ್ಳಾಪುರದ ಅವಳ ಕಾಲೇಜಿನಲ್ಲಿ ಆಗಷ್ಟೇ ಪೋಷಕರನ್ನೂ ಕೂರಿಸಿ ಒಂದು ಹಾಸ್ಯಚಿತ್ರ ತೋರಿಸಿದ್ದರು. ವಿಜ್ಞಾನದಲ್ಲಿ ಮಹಾ ಚುರುಕಾದ ಹುಡುಗರು ಲ್ಯಾಬಿನಲ್ಲಿ ಏನೇನೋ ಬೆರೆಸಿ ಇಡೀ ಹಾಸ್ಟೆಲನ್ನು ನೊರೆಯಲ್ಲಿ ಮುಳುಗಿಸುವ ಕಥೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಭೌತಶಾಸ್ತ್ರದ ಉಪನ್ಯಾಸಕರು ಮೈಕಿನಲ್ಲೇ ಉತ್ತರಿಸಿದರು. “ಅದು ಸಿನಿಮಾ ಕಣಮ್ಮ. ನೀನು ಯಾವಾಗಿನ ಥರ ಸೀನಿಯರ್ಸ್ ರೆಕಾರ್ಡ್ ಇಸ್ಕೊಂಡು ರೀಡಿಂಗ್ ಬರ್ಕೊ, ಮಾರ್ಕ್ಸ್ ನಾವು ನೋಡ್ಕೋತೀವಿ.”

ಪೋಷಕರು ಮತ್ತೆ ನಕ್ಕರು. ಮಗಳು ತಲೆ ತಗ್ಗಿಸಿ ಕುಳಿತಳು. ಪರದೆಯ ಮೇಲಿನ ಜಾಣರಿಗೆ ಚಪ್ಪಾಳೆ ಹೊಡೆಸಿ, ಎದುರಿಗಿದ್ದ ಜಾಣೆಯ ಬಾಯಿ ಮುಚ್ಚಿಸಿದ್ದರು.

ತೂಬಗೆರೆಯ ಮನೆಗೆ ಬಂದವಳೇ ಅವಳ ರೆಕಾರ್ಡ್ ಪುಸ್ತಕ ಬಿಡಿಸಿದೆ. ಅದೇ ಕಾಲೇಜಿನಲ್ಲಿ ನಾಲ್ಕು ವರ್ಷದ ಹಿಂದೆ ಓದಿದ ಅಕ್ಕನ ರೆಕಾರ್ಡನ್ನು ಪಕ್ಕದಲ್ಲಿಟ್ಟೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಿಸುವ ಪ್ರಯೋಗ. ಇಪ್ಪತ್ತು ಸಲ ತೂಗಲು ಹಿಡಿದ ಸಮಯ ಎರಡರಲ್ಲೂ ದಶಮಾಂಶದವರೆಗೆ ಒಂದೇ. ಎರಡರ ಕೆಳಗೂ ಅದೇ ಉಪನ್ಯಾಸಕರ ಕೆಂಪು ಸಹಿ.

“ನಿನ್ನದನ್ನೇ ಕಾಪಿ ಹೊಡೆದಿದ್ದಾಳಲ್ಲೇ” ಎಂದು ದೊಡ್ಡವಳನ್ನು ಕೇಳಿದೆ.

“ಅದು ನಂದೂ ಅಲ್ಲ ಕಣಮ್ಮ. ನಾನೂ ಸೀನಿಯರ್ ಹತ್ರ ಇಸ್ಕೊಂಡೇ ಬರ್ದಿದ್ದು.”

ನನ್ನ ಇಬ್ಬರು ಮಕ್ಕಳಿಗೂ ಆ ಪ್ರಯೋಗಕ್ಕೆ ಪೂರ್ತಿ ಅಂಕ ಬಂದಿದೆ. ಆ ಗುಂಡು ಎಷ್ಟು ಭಾರ ಇರುತ್ತದೆಂದು ಇಬ್ಬರ ಕೈಗೂ ಗೊತ್ತಿಲ್ಲ.