ಕಮಲಾಪುರದ ಹೆಜ್ಜೆ, ಕೊರಿಯಾದ ಹಾಡು

ಕಲಬುರಗಿಗೆ ಬಂದಿಳಿದ ದಿನ ನನ್ನ ಕಿವಿಗೆ ಬಿದ್ದ ಮೊದಲ ಹಾಡು ಕನ್ನಡದ್ದಲ್ಲ, ಉರ್ದುವಿನದೂ ಅಲ್ಲ, ಕೊರಿಯಾದ್ದು. ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ಮಹಡಿ ಮನೆ ಹಿಡಿದಿದ್ದೆ. ಲಾರಿಯಿಂದ ಸಾಮಾನು ಇಳಿಸುತ್ತಿದ್ದರು. ಕೆಳಗೆ ಮನೆಯೊಡತಿಯ ಅಂಗಳದಲ್ಲಿ ನಾಲ್ಕೈದು ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದು, ಫೋನನ್ನು ಕಿಟಕಿಗೆ ಆನಿಸಿಟ್ಟು, ಒಂದೇ ಏಟಿಗೆ ಬಲಕ್ಕೆ ತಿರುಗುತ್ತಿದ್ದರು, ಒಂದೇ ಏಟಿಗೆ ಕೂರುತ್ತಿದ್ದರು. ಪಕ್ಕದ ಮಂಚದ ಮೇಲೆ ಬೇಳೆ ಆರಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ತಲೆ ಎತ್ತದೆಯೇ, ಹಾಡಿನ ನಡುವೆ ಸರಿಯಾದ ಜಾಗದಲ್ಲಿ ಏನೋ ಕೂಗಿದರು. ಹುಡುಗಿಯರೂ ಕೂಗಿದರು. ಕೈಯಲ್ಲಿ ಕುಕ್ಕರ್ ಹಿಡಿದುಕೊಂಡು ನಾನು ನಿಂತೇಬಿಟ್ಟೆ. ಅಯ್ಯೋ ಶಿವನೇ, ಇದ್ಯಾವ ಊರಿಗೆ ಬಂದೆನಪ್ಪಾ!

ಆ ಹೆಂಗಸೇ ಮನೆಯೊಡತಿ ಜೈನಬ್ ಖಾಲಾ. ಖಾಲಾ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಬೀದಿಗೆಲ್ಲ ಅವರು ಖಾಲಾನೇ. "ಆವೊ ಮೇಡಂ, ಪೈಲೆ ಚಾ ಪೀವೊ. ಸಾಮಾನೇನ್ ಓಡಿ ಹೋಗ್ತಾವೇನು?" ಅಂದರು. ಕುಣಿಯುತ್ತಿದ್ದವರಲ್ಲೊಬ್ಬಳು ಅವರ ಮಗಳು ನೌಶೀನ್, ನಾನು ಕನ್ನಡ ಪಾಠ ಮಾಡಲು ವರ್ಗವಾಗಿ ಬಂದಿದ್ದ ಕಾಲೇಜಿನಲ್ಲೇ ಡಿಗ್ರಿ ಓದುವವಳು.

ಮೈಸೂರಿನ ಗೆಳತಿಯರು ನೀವೆಲ್ಲ "ಹೇಗಿದೆ ಊರು, ಬಿಸಿಲು ಹೇಗೆ" ಎಂದು ಕೇಳುತ್ತೀರಿ. ಬಿಸಿಲಿನ ಮಾತು ಆಮೇಲೆ. ಆಗ ನನ್ನ ತಲೆಯಲ್ಲಿದ್ದದ್ದು ಮಗಳೊಬ್ಬಳೇ. ಸಿಂಚನ ಒಂಬತ್ತನೇ ತರಗತಿ. ಶಾಲೆ ಶುರುವಾದ ಮೇಲೆ, ಆಗಸ್ಟಿನಲ್ಲಿ, ಗೆಳತಿಯರ ನಡುವಿನಿಂದ ಎಬ್ಬಿಸಿ ಕರೆತಂದಿದ್ದೆ. ಅವಳಪ್ಪನಿಗೆ ಮೈಸೂರಿನ ಕಾರ್ಖಾನೆ ಬಿಟ್ಟು ಬರುವಂತಿರಲಿಲ್ಲ. ಪಾಳಿ ಕೆಲಸದವರ ಹತ್ತಿರ ಮಗುವನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ರೈಲಿನಲ್ಲಿ ಅವಳು ಕಿವಿಗೆ ಹಾಕಿದ ಹೆಡ್‌ಫೋನ್ ತೆಗೆಯಲೇ ಇಲ್ಲ. ಇಳಿಯುವ ಮುಂಚೆ ಒಂದೇ ಮಾತಾಡಿದಳು: "ಪರೀಕ್ಷೆ ಮುಗಿಯೋವರೆಗೂ ಇರ್ತೀನಿ. ಏಪ್ರಿಲ್‌ನಲ್ಲಿ ಅಪ್ಪನ ಹತ್ರ ಹೋಗ್ತೀನಿ. ಪ್ರಾಮಿಸ್ ಮಾಡಮ್ಮ." ಮಾಡಿದೆ. ಮಾಡಿದ ಕ್ಷಣದಿಂದ ಅದನ್ನು ಮುರಿಸುವುದು ಹೇಗೆ ಎಂದೇ ಯೋಚಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಎಲ್ಲವೂ ಗಟ್ಟಿ. ನಮ್ಮಲ್ಲಿ ಮುದ್ದೆ ಬಾಯಲ್ಲಿ ಜಾರಿ ಹೋದರೆ, ಇಲ್ಲಿ ಖಡಕ್ ಜೋಳದ ರೊಟ್ಟಿಯನ್ನು ಕಟುಂ ಎಂದು ಮುರಿದು ಅಗಿಯಬೇಕು. ನಮ್ಮ ಮಾತು ಮೆಲ್ಲಗೆ ಬರುತ್ತದೆ. ಇಲ್ಲಿಯವರ ಪ್ರೀತಿಯೂ ಜಗಳದ ಹಾಗೆ ಕೇಳಿಸುತ್ತದೆ. ನೆಹರು ಗಂಜ್‌ನಲ್ಲಿ ಬೇಳೆ ಅಂಗಡಿಯವರು "ಯಾಕ್ರೀ ಮೇಡಂ, ಬ್ಯಾಳಿ ನೋಡಿ ಮಾರಿ ಸಣ್ಣ ಮಾಡೀರಲ್ಲ!" ಎಂದು ಜೋರು ಮಾಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಮಾರಿ ಅಂದರೆ ಇಲ್ಲಿ ಮುಖ; ಅವರು ತಮಾಷೆ ಮಾಡಿದ್ದಂತೆ. ಮುಂದಿನ ಸಲ ನಾನೂ "ನಿಮ್ಮ ಬ್ಯಾಳಿ ನೋಡೇ ಆಗ್ಯದ್ರಿ" ಅಂದೆ. ಅವರು ನಕ್ಕು ಒಂದು ಹಿಡಿ ಹೆಚ್ಚಿಗೆ ಹಾಕಿದರು. ಆ ದಿನ ಮೊದಲ ಬಾರಿಗೆ ನಾನು ಆಟೊದಲ್ಲಿ ಬೆನ್ನು ಒರಗಿಸಿ ಕೂತು ಮನೆಗೆ ಬಂದೆ.

ಸಿಂಚನಳಿಗೆ ಅಂಥ ಗೆಲುವು ಸಿಗಲಿಲ್ಲ. ಶಾಲೆಯಲ್ಲಿ ಅವಳ ಮಾತನ್ನು ಅಣಕಿಸುತ್ತಾರೆಂದು ಮಾತನ್ನೇ ನಿಲ್ಲಿಸಿದ್ದಳು. ಶಾಲೆಯಿಂದ ಬಂದು ಕೋಣೆ ಸೇರಿದರೆ ಊಟಕ್ಕೇ ಹೊರಗೆ ಬರುತ್ತಿದ್ದಳು. ಒಂದು ಸಂಜೆ ಕೆಳಗಿನ ಹಾಡು ಅರ್ಧಕ್ಕೆ ನಿಂತಿತು. ನೌಶೀನ್ ಯಾವುದೋ ತಿರುವಿನಲ್ಲಿ ತಪ್ಪಿ, ಮತ್ತೆ ಶುರು ಮಾಡಿ, ಮತ್ತೆ ತಪ್ಪುತ್ತಿದ್ದಳು. ನನ್ನ ಮಗಳು ತಟ್ಟನೆ ಎದ್ದು ಬಾಲ್ಕನಿಯಿಂದ ಬಗ್ಗಿ, "ಅಕ್ಕಾ, ಎಡಗೈ ಮೊದಲು!" ಎಂದು ಕೂಗಿದಳು. ಕೆಳಗಿನಿಂದ, "ಏ, ನಿನಗೂ ಗೊತ್ತದನು? ಕೆಳಗ ಬಾ!" ಅಂತ ಉತ್ತರ ಬಂತು. ಹೋದಳು. ಖಾಲಾ ಕೊಟ್ಟ ತಹರಿ ತಿಂದೇ ಹತ್ತಿ ಬಂದಳು. ಮಾಂಸ, ಮಸಾಲೆ ಹಾಕಿ ಅರಿಶಿನದ ಬಣ್ಣಕ್ಕೆ ಬೇಯಿಸುವ ಅನ್ನ ಅದು. ಮೋಮಿನಪುರದ ಅತ್ತೆಮನೆಯಲ್ಲಿ ಅಡುಗೆ ಕಲಿತ ಖಾಲಾ ಕೈಯಲ್ಲಿ ಅದರ ರುಚಿಯೇ ಬೇರೆ.

ಆಮೇಲೆ ಶುರುವಾಯಿತು ನನ್ನ ಪಾಠ. ಬಣ್ಣ ಹಚ್ಚಿದ ತಲೆಗೂದಲು, ಥಳಥಳ ಬಟ್ಟೆ, ಇದರಲ್ಲೇನಿದೆ ಸಾಹಿತ್ಯ ಎಂದು ನಾನು ಮೂಗು ಮುರಿದದ್ದೇ ತಪ್ಪಾಯಿತು. ನೌಶೀನ್, ಸಿಂಚನ ಇಬ್ಬರೂ ನನ್ನನ್ನು ಖಾಲಾಳ ಮಂಚದ ಮೇಲೆ ಕೂರಿಸಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಇಗೋ, ಈ ಕಪ್ಪು ಟೋಪಿ ಕುದುರೆ ಕೂದಲಿನದು, ಹಿಂದೆ ಅಲ್ಲಿನ ಪಂಡಿತರು ಹಾಕುತ್ತಿದ್ದದ್ದು. ಇದು ಹಾನ್ಬೊಕ್, ಅವರ ಹಳೆಯ ಉಡುಪು, ಕೆಳಗೆ ಮಾತ್ರ ಓಟದ ಬೂಟು. ಈ ಮುಖವಾಡಗಳು ತಾಲ್‌ಚುಮ್ ಎಂಬ ಹಳ್ಳಿ ಕುಣಿತದವು. ದೊಡ್ಡ ಮನೆತನದವರನ್ನು ಬಡವರು ಮುಖವಾಡ ಹಾಕಿಕೊಂಡು ಲೇವಡಿ ಮಾಡುತ್ತಿದ್ದ ಆಟ. ಒಂಬತ್ತು ಬಾಲದ ನರಿ ಅಜ್ಜಿ ಕತೆಯದು. ಕುಣಿತದ ಮೈಕಟ್ಟು ಅಮೆರಿಕದ ಕಪ್ಪು ಜನರ ಬೀದಿ ಸಂಗೀತದ್ದು. ಯುರೋಪಿನ ಹಳೆಯ ಕಾದಂಬರಿಯೊಂದನ್ನು ಓದಿ ಇಡೀ ವಿಡಿಯೊ ಮಾಡಿದವರೂ ಇದ್ದಾರಂತೆ. ನನ್ನ ವಿದ್ಯಾರ್ಥಿಗಳಿಗೆ ಮೂವತ್ತು ಪುಟ ಓದಿಸಲು ನಾನು ಪಡುವ ಪಾಡು ನೆನೆದು ಹೊಟ್ಟೆ ಉರಿಯಿತು.

"ಮತ್ತೆ ಖಾಲಾ ಕೂಗೋದೇನು?" ಎಂದು ಕೇಳಿದೆ.

"ಅದು ಫ್ಯಾನ್‌ಗಳು ಕೂಗೋದಮ್ಮ," ಅಂದಳು ಸಿಂಚನ. "ಹಾಡಲ್ಲಿ ಎಲ್ಲಿ ಕೂಗಬೇಕು ಅಂತ ಜಾಗ ಇರುತ್ತೆ. ಹಳೇ ಕಾಲದಲ್ಲಿ ಪಾನ್ಸೊರಿ ಅಂತ ಇತ್ತು. ಒಬ್ರು ನಿಂತು ಗಂಟೆಗಟ್ಟಲೆ ಕತೆ ಹಾಡೋರು, ಒಬ್ರು ಡೋಲು ಬಾರಿಸೋರು. ಕೇಳೋರು ಮಧ್ಯ ಮಧ್ಯ 'ಒಲ್‌ಶಿಗು', 'ಜೊತಾ' ಅಂತ ಕೂಗಬೇಕು. ಕೂಗಲಿಲ್ಲ ಅಂದ್ರೆ ಹಾಡೋರಿಗೆ ಹುರುಪೇ ಬರಲ್ಲ. ಇದೂ ಹಂಗೇ ಅಂತ ನಮ್ಮಿಬ್ಬರ ಲೆಕ್ಕ."

ಬೇಳೆ ಆರಿಸುತ್ತಲೇ ಖಾಲಾ ಅಂದರು, "ನಮ್ಮ ಮೊಹರಂ ಪದದಾಗೂ ಹಂಗೇ ಅಲ್ಲನು? ನಮ್ಮಣ್ಣ ಹಾಡಿದ್ರ ಹಿಂದಿನವರು ಹೌದ್ ಹೌದ್ ಅನ್ನಲೇಬೇಕು." ಅದಕ್ಕೇ ಅವರಿಗೆ ಜಾಗ ತಪ್ಪುತ್ತಿರಲಿಲ್ಲ. ಹತ್ತಿರದ ಕಮಲಾಪುರದ ಮಗಳು, ಕೇಳಿ ಬೆಳೆದ ಕಿವಿ.

ಅಷ್ಟರಲ್ಲಿ ಬಡಾವಣೆಯ ರಾಜ್ಯೋತ್ಸವ ಬಂತು. ನೌಶೀನ್ ಗುಂಪು ಹೆಸರು ಕೊಡಲು ಹೋದರೆ ಸಮಿತಿಯ ಹಿರಿಯರು, "ರಾಜ್ಯೋತ್ಸವದಾಗ ಕೊರಿಯಾ ಹಾಡ ಯಾಕಬೇ? ಕನ್ನಡದ್ದು ಏನರೆ ಮಾಡ್ರಿ" ಅಂದರು. ಹುಡುಗಿಯರ ಮುಖ ಬಾಡಿತು. ಸಿಂಚನ ಮತ್ತೆ ಹೆಡ್‌ಫೋನ್ ಹುಡುಕಿದಳು. ನನಗೆ ಜೀವವೇ ಹಾರಿತು. ಇದೊಂದು ಎಳೆಯೂ ತುಂಡಾದರೆ ಏಪ್ರಿಲ್‌ಗೆ ಕಾಯುವ ಹುಡುಗಿಯೇ ಅಲ್ಲ ಅವಳು. ಕನ್ನಡ ಮೇಡಂ ಅಲ್ಲವೇ, ನಾನೇ ಉಪಾಯ ಹೇಳಿದೆ: ಖಾಲಾ ಅಣ್ಣನ ಪದ ಕೇಳಿ ತರೋಣ. ಪದ ಕನ್ನಡದ್ದು, ಕುಣಿತ ಕೊರಿಯಾದ್ದು. ನೌಶೀನ್ ಕುಣಿದಾಡಿದಳು. "ಕೊರಿಯಾದಾಗ ದೇವ್ರ ಪೂಜಾದ ಹಾಡೇ ಬೀಟಿನಾಗ ಹಾಕ್ಯಾರ್ರಿ ಮಿಸ್, ನಾವ್ಯಾಕ ಹಾಕಬಾರದು?" ಖಾಲಾ ಮಾತ್ರ ಏನೂ ಅನ್ನದೆ ಬುರ್ಖಾ ಹಾಕಿಕೊಂಡು ಜೊತೆಗೆ ಹೊರಟರು.

ಭಾನುವಾರ ಕಮಲಾಪುರದ ಬಸ್ಸು ಹತ್ತಿದೆವು. ಊರು ಬಂದಂತೆ ರಸ್ತೆ ಬದಿಗೆ ಕೆಂಪು ಬಾಳೆಗೊನೆಗಳು. ನಂಜನಗೂಡಿನ ರಸಬಾಳೆ ಬಿಟ್ಟರೆ ಹಣ್ಣೇ ಇಲ್ಲ ಎಂದುಕೊಂಡಿದ್ದ ನಮಗೆ ಖಾಲಾಳ ಅಣ್ಣ ಮೌಲಾಸಾಬರು ಒಂದು ಚಿಪ್ಪು ಮುಂದಿಟ್ಟು, "ತಿನ್ರಿ, ಆಮ್ಯಾಲ ಮಾತು" ಅಂದರು. ಅವರದು ಹೆಜ್ಜೆ ಮೇಳ. ಸಾಬರು, ಲಿಂಗಾಯತರು, ಕುರುಬರು ಸೇರಿದ ಗಂಡಸರ ಗುಂಪು. ಮೊಹರಂನಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಸುತ್ತಾಗಿ ನಿಂತು, ಕರ್ಬಲಾ ಯುದ್ಧದಲ್ಲಿ ಮಡಿದವರ ಕತೆಯನ್ನು ಕನ್ನಡದಲ್ಲಿ ಹಾಡುತ್ತಾ ಒಂದೇ ಹೆಜ್ಜೆ ಹಾಕುತ್ತಾರೆ.

ನಾನು ನೇರವಾಗಿ ವಿಷಯಕ್ಕೆ ಬಂದೆ. "ಒಂದು ಪದ ಹಾಡಿಬಿಡಿ, ರೆಕಾರ್ಡ್ ಮಾಡ್ಕೋತೀವಿ. ಮಕ್ಕಳು ಸ್ಟೇಜ್ ಮೇಲೆ ಕುಣೀತಾರೆ."

ಅವರ ಮುಖ ಬಿಗಿಯಿತು. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಯಾರೂ ತೀರಲಾರದ ಸುಮ್ಮಸುಮ್ಮನ ಕುಂತು ಅಳ್ತೀರೇನ್ರಿ?"

ರೆಕಾರ್ಡ್ ಮಾಡಲು ತೆಗೆದಿದ್ದ ಫೋನನ್ನು ಬ್ಯಾಗಿಗೆ ಹಾಕಿದೆ.

"ಸತ್ತೋರಿಗಿ ಅಳೂ ಪದ ಅವು. ಮೊಹರಂದಾಗ ಪೀರಲ ದೇವ್ರು ಕುಂತಾಗ ಹಾಡ್ತೀವಿ. ದೇವ್ರು ಎದ್ದ ಮ್ಯಾಲ ಬಾಯಿ ಮುಚ್ಚತೀವಿ. ನಮ್ಮಪ್ಪನೂ ಹಾಡಲಿಲ್ಲ, ನಾನೂ ಹಾಡಂಗಿಲ್ಲ. ರೊಕ್ಕ ಕೊಟ್ರೂ ಇಲ್ಲ, ಮಂತ್ರಿ ಬಂದ್ರೂ ಇಲ್ಲ."

ಖಾಲಾ ನೆಲ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು, ಬಾಡಿಗೆಗೆ ಬಂದ ಮೇಡಂಗೆ ಬೇಡ ಅನ್ನಲು ಸಂಕೋಚವಾಗಿತ್ತು, ಅಷ್ಟೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಡೋಣ ಎಂದು ಏಳುವಷ್ಟರಲ್ಲಿ, ಹೊಸಬರ ಮುಂದೆ ಬಾಯಿ ಬಿಡದ ನನ್ನ ಮಗಳು ಮಾತಾಡಿದಳು.

"ತಾತ, ಹಾಡು ಬೇಡ. ಹೆಜ್ಜೆ ಹೇಳ್ಕೊಡ್ತೀರಾ? ಅದಕ್ಕೂ ಹಂಗೇ ರೂಲ್ಸ್ ಇದೆಯಾ?"

ಮೌಲಾಸಾಬರು ಅವಳನ್ನೇ ನೋಡಿದರು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ. ಗಡ್ಡ ಕೆರೆದುಕೊಂಡರು. "ಹೆಜ್ಜಿಗಿ ಅಂಥಾದ್ದೇನ್ ಇಲ್ಲವ್ವ," ಅಂದರು ಕೊನೆಗೆ. "ಕಾಲು ವರ್ಷ ಪೂರಾ ನಡೀತಾವಲ್ಲ. ಆದ್ರ ಹೆಣ್ಣಮಕ್ಕಳಿಗಿ ನಾ ಎಂದೂ ಕಲಿಸಿಲ್ಲ." ತಂಗಿಯ ಕಡೆ ನೋಡಿದರು. ಖಾಲಾ ಈಗ ತಲೆ ಎತ್ತಿ, "ನಾ ಸಣ್ಣಕಿದ್ದಾಗ ಕಟ್ಟಿಮ್ಯಾಗ ಕುಂತು ನೋಡಿ ನೋಡಿ ಕಲ್ತೀನಿ, ನಿನಗ ಗೊತ್ತಿಲ್ಲ ಅಷ್ಟೇ," ಅಂದರು. ಅಣ್ಣ ಹೋ ಎಂದು ನಕ್ಕರು.

ಆ ಮಧ್ಯಾಹ್ನ ಅವರ ಅಂಗಳದಲ್ಲಿ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಬಗ್ಗಿ ಏಳುವುದು, ಕರವಸ್ತ್ರ ಬೀಸುವುದು. ಸಿಂಚನ ಬೇಗ ಹಿಡಿದಳು. ಹಿಡಿದು, "ತಾತ, ಇಲ್ಲಿ ಸುತ್ತು ಒಡೆದು ಮೂರು ಮೂರು ಜನ ಆಗಿ ಮತ್ತೆ ಸೇರಿದ್ರೆ?" ಎಂದು ಕೊರಿಯಾದ ಹುಡುಗಿಯರು ಸಾಲು ಬದಲಿಸುವುದನ್ನು ಫೋನಿನಲ್ಲಿ ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಭಲೇ! ಇವರಿಗಿ ಉಸ್ತಾದ್ ಯಾರದಾನ? ಒಬ್ಬಾಕಿ ಕಾಲೂ ತಪ್ಪವಲ್ದು."

ಮೊದಮೊದಲು ಗೊಣಗಿದ ಸಮಿತಿಯ ಹಿರಿಯರು ರಾಜ್ಯೋತ್ಸವದ ದಿನ ಹಾಡಿಲ್ಲ, ಹಲಗೆಯ ಬಡಿತಕ್ಕೆ ಕುಣಿತ ಮಾತ್ರ ಎಂದು ತಿಳಿದು ಮತ್ತೆ ಕೇಳಿದರು, "ಇದು ಕನ್ನಡದ್ದೇನ್ರಿ? ಒಂದು ಶಬ್ದನೂ ಇಲ್ಲ!" ಹಲಗೆ ಹಿಡಿದು ವೇದಿಕೆಯ ಮೂಲೆಯಲ್ಲಿ ಕೂತಿದ್ದ ಮೌಲಾಸಾಬರು, "ಕಮಲಾಪುರದ್ದರೀ" ಅಂದರು. ಅಲ್ಲಿಗೆ ತಕರಾರು ಮುಗಿಯಿತು. ಅವರು ತುಟಿ ಬಿಗಿಹಿಡಿದು ಬಾರಿಸಿದರು, ಒಂದು ಅಕ್ಷರವೂ ಹೊರಬರಲಿಲ್ಲ. ಹುಡುಗಿಯರು ಸುತ್ತಾದರು, ಒಡೆದರು, ಸೇರಿದರು. ಮುಂದಿನ ಸಾಲಿನಿಂದ ಖಾಲಾ "ಹೌದ್ ಹೌದ್!" ಅಂದರು, ಹಿಂದಿನಿಂದ ಹುಡುಗರು ಅಂದರು, ಆಮೇಲೆ ಇಡೀ ಮೈದಾನವೇ ಅಂದಿತು. ನನ್ನ ಮಗಳು ನಗುತ್ತಿದ್ದಳು. ಬಂದಾಗಿನಿಂದ ಆ ನಗುವಿಗಾಗಿ ಕಾದಿದ್ದೆ. ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಇಳಿದು ಬಂದವಳೇ ಕೇಳಿದಳು, "ತಾತ, ಆ ಹೆಜ್ಜೆಗೆ ಹಾಡು ಯಾವ್ದು?"

"ಮೊಹರಂಕ ಬಾರವ್ವ, ಕೇಳೀಯಂತ."

ಮುಂದಿನ ಮೊಹರಂ ಬರುವುದು ಹೊಸ ವರ್ಷದ ಶಾಲೆ ತೆರೆದ ಮೇಲೆ. ನಾನು ಕೊಟ್ಟ ಮಾತು ಏಪ್ರಿಲ್‌ವರೆಗೆ. ಇಬ್ಬರೂ ಆ ಬಗ್ಗೆ ಮತ್ತೆ ಮಾತಾಡಲಿಲ್ಲ. ಕೇಳಿದರೆ "ಪ್ರಾಮಿಸ್ ಮಾಡಿದ್ಯಲ್ಲ" ಅಂದುಬಿಡುತ್ತಾಳೆಂದು ನನಗೆ ಪುಕಪುಕ.

ಪರೀಕ್ಷೆ ಮುಗಿದ ಮೇಲೆ ಅವಳ ಬಟ್ಟೆಬರೆಯನ್ನೆಲ್ಲ ಕಟ್ಟಿಕೊಂಡು ಮೈಸೂರಿಗೆ ಹೋದೆವು. ಅವಳಪ್ಪ ಅವಳ ಕೋಣೆಗೆ ಅವಳಿಷ್ಟದ ನೀಲಿ ಬಣ್ಣ ಹೊಡೆಸಿದ್ದರು. ಓದಲು ಹೊಸ ಮೇಜು. ಹಳೆಯ ಶಾಲೆಯಲ್ಲಿ ಮಾತಾಡಿ ಬಂದಿದ್ದರು, ಪಾಳಿಯನ್ನೂ ಹಗಲಿಗೆ ಬದಲಿಸಿಕೊಂಡಿದ್ದರು. ಮೈಸೂರು ತಂಪಾಗಿತ್ತು, ನಲ್ಲಿಯಲ್ಲಿ ನೀರು ಧಾರಾಳ, ಮಾತು ಮೆತ್ತಗೆ. ಆದರೆ ಉಪ್ಸಾರು ಉಣ್ಣುವಾಗ ನನ್ನ ನಾಲಿಗೆ ಶೇಂಗಾ ಹಿಂಡಿಯನ್ನು, ಅಲ್ಲಿನ ಖಾರದ ಚಟ್ನಿಪುಡಿಯನ್ನು ಹುಡುಕುತ್ತಿತ್ತು. ಅತ್ತೆ, "ಏನೇ ಇದು, ಮಾತಿಗೊಂದು ರೀ ಸೇರಿಸ್ತೀಯ, ಜಗಳಕ್ಕೆ ಬಂದಂಗೆ ಕೂಗ್ತೀಯ" ಎಂದು ಛೇಡಿಸಿದರು. ಸಿಂಚನ ಹಳೆಯ ಗೆಳತಿಯರ ಜೊತೆ ಸುತ್ತಿ ಬಂದಳು. ಚೆನ್ನಾಗಿತ್ತಾ ಅಂದರೆ "ಹೂಂ" ಅಂದಳು.

ನಾನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳಪ್ಪ ಮಾವಿನಹಣ್ಣು ಹೆಚ್ಚುತ್ತಿದ್ದರು. ಸಿಂಚನ ನನ್ನ ಪಕ್ಕ ಬಂದು ಕೂತಳು.

"ನಾಳೆ ಟ್ರೈನ್‌ಗೆ ನಿನಗೊಬ್ಬಳಿಗೇನಾ ಬುಕ್ ಮಾಡಿರೋದು?"

"ಹೂಂ ಮತ್ತೆ. ಪ್ರಾಮಿಸ್ ಮಾಡಿದ್ನಲ್ಲ."

"ಇನ್ನೊಂದು ಟಿಕೆಟ್ ಮಾಡಮ್ಮ."

ಇಷ್ಟು ತಿಂಗಳೂ ನಾನು ಹಂಬಲಿಸಿದ ಮಾತು. ಅದು ಬಂದ ಹೊತ್ತಿಗೆ ನನ್ನ ಕಣ್ಣು ಅವಳಪ್ಪನ ಕೈ ಮೇಲಿತ್ತು. ಚಾಕು ನಿಂತಿತ್ತು. ಆಮೇಲೆ ಅವರು ಅವಳಿಗಿಷ್ಟದ ಓಟೆಯನ್ನು ತಟ್ಟೆಗೆ ಹಾಕಿ ಅವಳ ಕಡೆ ಸರಿಸಿ, "ಕೆಳಗಿನ ಬರ್ತೇ ಸಿಗುತ್ತಾ ನೋಡ್ರೇ, ಮೇಲೆ ಮಗೂಗೆ ನಿದ್ದೆ ಬರಲ್ಲ" ಅಂದರು. ಕೈ ತೊಳೆಯಲು ಬಚ್ಚಲಿಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು.

ಮರುದಿನ ಸ್ಟೇಷನ್ನಿಗೆ ಬಂದು ಕಿಟಕಿಯ ಹತ್ತಿರ ನಿಂತು, ನೀರಿನ ಬಾಟಲಿ ಕೊಟ್ಟು, ಖಾಲಾಗೆಂದು ಮೈಸೂರು ಪಾಕಿನ ಡಬ್ಬಿಯನ್ನೂ ಕೊಟ್ಟರು. ನಗುತ್ತಲೇ ಕೈ ಬೀಸಿದರು. ಮಗಳು ಪಕ್ಕದಲ್ಲಿದ್ದಳು, ನಾನು ಕೇಳಿದ್ದೆಲ್ಲ ನನಗೆ ಸಿಕ್ಕಿತ್ತು. ಆದರೂ ಪ್ಲಾಟ್‌ಫಾರ್ಮಿನ ಮೇಲೆ ಅವರೊಬ್ಬರೇ ಸಣ್ಣಗಾಗುತ್ತಾ ಹೋದಾಗ ಬಿಕ್ಕಿ ಬಿಕ್ಕಿ ಅತ್ತವಳು ನಾನು. ಸಿಂಚನ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಹಿಂದೆ ತಿರುಗಿ ನೋಡುತ್ತಲೇ ಇದ್ದಳು.